ಮೂಡಲ ಗುಡ್ಡದ ಹೆಣ್ಣು ಕಪ್ಪೆ

ನಾನು ಒಂದು ಹೆಣ್ಣು ಕಪ್ಪೆ. ಹೆಬ್ಬೆರಳಿನಷ್ಟು ಉದ್ದ, ಒಣಗಿದ ಎಲೆಯ ಬಣ್ಣ. ಬಣ್ಣವೆಂದದ್ದು ಹಳೆಯ ಮಾತು. ಫಾರ್ಮಲಿನ್‌ನಲ್ಲಿ ಕೂತು ಕೂತು ಈಗ ಬೇಯಿಸಿದ ಹಲಸಿನ ಬೀಜದಂತಾಗಿದ್ದೇನೆ. ಬಾವಿಯ ಕಪ್ಪೆ ಎಂದು ಜನ ಹಂಗಿಸುತ್ತಾರಲ್ಲ, ಬಾವಿಯಾದರೂ ಸಿಕ್ಕಿದ್ದರೆ ನಾನು ಪುಣ್ಯವಂತೆ. ನಾನಿರುವುದು ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಬಾಟಲಿಯಲ್ಲಿ.

ಹುಟ್ಟಿದ್ದು ಮೂಡಲ ಗುಡ್ಡದ ತೊರೆಯಲ್ಲಿ. ಎದುರಿಗೆ ಪಡುವಲ ಗುಡ್ಡ. ಬಹಳ ಹಿಂದೆ ಎರಡೂ ಗುಡ್ಡದ ಕಪ್ಪೆಗಳದು ಒಂದೇ ಮನೆತನ. ನಡುವಿನ ಕಣಿವೆಯ ಕಾಡು ಒಣಗಿ ಬರೀ ಹುಲ್ಲಾಯಿತು; ಒದ್ದೆ ಚರ್ಮದ ನಾವು ಅದನ್ನು ದಾಟಲಾರದೆ ಹೋದೆವು. ಲಕ್ಷಾಂತರ ಮಳೆಗಾಲಗಳು ಕಳೆದವು. ಅವರ ಕೂಗು ಟಕ್ ಟಕ್ ಎಂದಾಯಿತು, ನಮ್ಮವರದು ಟ್ರೀ ಎಂದು ಎಳೆಯತೊಡಗಿತು. ಮೈ ಮಾತ್ರ ಹಾಗೇ ಉಳಿಯಿತು. ಒಮ್ಮೆ ನೆರೆಯಲ್ಲಿ ತೇಲಿಬಂದ ಪಡುವಲದ ಗಂಡೊಂದು ನನ್ನೆದುರು ಕೂಗಿ ಕೂಗಿ ಸುಸ್ತಾಯಿತು. ನಾನು ತಿರುಗಿಯೂ ನೋಡಲಿಲ್ಲ.

ಇಂದುಧರ ಮೇಷ್ಟ್ರು ನಮ್ಮನ್ನು ಪತ್ತೆ ಹಚ್ಚಿದ್ದು ಆ ಕೂಗಿನಿಂದಲೇ. ನಮ್ಮ ಗಂಡುಗಳ ಕೂಗನ್ನು ಕ್ಯಾಸೆಟ್ಟಿಗೆ ತುಂಬಿಕೊಂಡರು, ನನ್ನೊಬ್ಬಳನ್ನು ಚೀಲಕ್ಕೆ. ನನ್ನ ಕಾಲಿಗೆ ಕೆಂಪು ದಾರ, ಪಡುವಲ ಗುಡ್ಡದಿಂದ ಹಿಡಿದು ತಂದವರ ಕಾಲಿಗೆ ಬಿಳಿ ದಾರ ಕಟ್ಟಿ ಬೇರೆ ಬೇರೆ ಬಾಟಲಿಗಳಲ್ಲಿ ಇಟ್ಟರು.

“ಇದು ಹೊಸ ಪ್ರಭೇದ ಕಣಮ್ಮ ನಸೀಮಾ. ಹೆಸರಿಡೋದೊಂದು ಬಾಕಿ” ಎಂದರು ತಮ್ಮ ವಿದ್ಯಾರ್ಥಿನಿಗೆ. ಹೆಸರಿಡುವ ಮೊದಲೇ ಮೇಷ್ಟ್ರು ತೀರಿಕೊಂಡರು. ನಸೀಮಾ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಳು.

ಆಮೇಲೊಮ್ಮೆ ತಪಾಸಣಾ ಸಮಿತಿ ಬರುವ ಸುದ್ದಿ ಬಂತು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ. ವಿಭಾಗದ ಹೊಸ ಮುಖ್ಯಸ್ಥ ಚನ್ನಕೇಶವ ಕಪಾಟು ನೋಡಿ ಮೂಗು ಮುರಿದರು.

“ಏನ್ರೀ ಇದು, ಹರಕೆ ಕಟ್ಟಿದಂಗೆ ಕಾಲಿಗೆಲ್ಲ ದಾರ? ಕಿತ್ತಾಕ್ರಿ. ಎಲ್ಲಾ ಒಂದೇ ಥರ ಕಪ್ಪೆ ತಾನೇ, ಒಂದೇ ದೊಡ್ಡ ಬಾಟ್ಲಿಗೆ ಹಾಕಿ. ನೀಟಾಗಿ ಕಾಣ್ಲಿ.”

ಕಪ್ಪೆ ತೂಗುವುದು ಕಷ್ಟ ಎಂಬ ಮಾತಿದೆ. ಸತ್ತ ಕಪ್ಪೆಗಳಾದರೆ ಏನು ಕಷ್ಟ, ನಮ್ಮಲ್ಲಿ ಯಾರೂ ಹಾರಲಿಲ್ಲ. ಪಡುವಲದವರ ನಡುವೆ ನಾನೂ ಮುಳುಗಿದೆ. ಸಮಿತಿಯವರು ಗೋಡಂಬಿ ತಿಂದು ಹೋದರು, ಕಪಾಟಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ನಸೀಮಾ ಮರಳಿ ಬಂದಾಗ ಅವಳ ಕೂದಲು ನರೆತಿತ್ತು. ಅಷ್ಟರಲ್ಲಿ ಮೂಡಲ ಗುಡ್ಡವನ್ನು ಕಲ್ಲು ಕ್ವಾರಿ ನುಂಗಿತ್ತು, ನಮ್ಮವರು ಯಾರೂ ಉಳಿದಿರಲಿಲ್ಲ. ಹೊಸ ಪ್ರಭೇದವೆಂದು ಹೆಸರಿಡಲು ಒಂದು ದೇಹವಾದರೂ ಕೈಯಲ್ಲಿರಬೇಕಂತೆ. ಆ ದೇಹ ನಾನೊಬ್ಬಳೇ. ಅವಳು ನಮ್ಮನ್ನೆಲ್ಲ ಟ್ರೇಗೆ ಸುರಿದು ಕಾಲ್ಬೆರಳು ಅಳೆದಳು, ಮೂತಿ ಅಳೆದಳು. ಎಲ್ಲರದೂ ಒಂದೇ ಅಳತೆ. ಫಾರ್ಮಲಿನ್ ಒಳಗನ್ನೂ ಕೆಡಿಸಿತ್ತು, ಡಿಎನ್‌ಎ ಕೂಡ ಸಿಗಲಿಲ್ಲ. ನಮ್ಮ ವ್ಯತ್ಯಾಸವೆಲ್ಲ ಇದ್ದದ್ದು ಕೂಗಿನಲ್ಲಿ.

ಕೊನೆಗೆ ಮೇಷ್ಟ್ರ ಕ್ಯಾಸೆಟ್ ಹಾಕಿದಳು. ಟ್ರೀ... ನಮ್ಮವರೇ! ನನಗೆ ಅಳು ಬಂತು, ಅಳಲು ಕಣ್ಣು ಉಳಿದಿರಲಿಲ್ಲ.

“ಯಾರೇ ಅದು ನಿಮ್ಮಲ್ಲಿ? ಹೇಳ್ಬಾರ್ದಾ” ಎಂದಳು ನಸೀಮಾ, ಟ್ರೇ ಮೇಲೆ ಬಗ್ಗಿ. ನಾನು ಅವಳ ಕೈಯಡಿಯಲ್ಲೇ ಇದ್ದೆ.

ಮತ್ತೆ ಎಲ್ಲರನ್ನೂ ಬಾಟಲಿಗೆ ಹಾಕಿ, ಚೀಟಿಯಲ್ಲಿ ಪಡುವಲದ ಕಪ್ಪೆಯ ಹೆಸರನ್ನೇ ಬರೆದಳು. ಶಾಸ್ತ್ರದ ಪ್ರಕಾರ ನಾನೀಗ ಪಡುವಲದವಳು, ಮೂಡಲದವರು ಹುಟ್ಟಿಯೇ ಇರಲಿಲ್ಲ. ನನಗೂ ಸಾಕಾಗಿದೆ.

ಮಳೆ ಬಂದಾಗ ಕಾಲೇಜಿನ ಚರಂಡಿಯಲ್ಲಿ ಯಾವುದೋ ಗಂಡು ವಟಗುಟ್ಟುತ್ತದೆ. ಅದು ನಮ್ಮ ಕೂಗಲ್ಲ. ಬದುಕಿದ್ದಾಗ ಬೇರೆ ಕೂಗಿಗೆ ತಿರುಗಿಯೂ ನೋಡದವಳು ನಾನು. ಈಗ ಕಾಲು ಆಡುವಂತಿದ್ದರೆ ಎದ್ದು ಹೋಗುತ್ತಿದ್ದೆ.