ಮೀಸೆಗೊಂದು ಮಾತ್ರೆ

ಔಷಧಿಗೆ ಬೆಲೆ ಕಟ್ಟುವವಳು ನಾನಲ್ಲ. ಇದನ್ನು ಒಂದು ಬೋರ್ಡಿಗೆ ಬರೆಸಿ ಅಂಗಡಿಯ ಮುಂದೆ ನೇತುಹಾಕಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕಂಪನಿಯವರು ಎಲ್ಲೋ ತಣ್ಣಗೆ ಕೂತು ಬೆಲೆ ಬರೆಯುತ್ತಾರೆ, ಡಾಕ್ಟರು ಚೀಟಿ ಬರೆಯುತ್ತಾರೆ, ಬೈಸಿಕೊಳ್ಳುವುದಕ್ಕೆ ಮಾತ್ರ ಕೌಂಟರಿನ ಹಿಂದೆ ನಾನೊಬ್ಬಳು ಸಿಗುತ್ತೇನೆ. "ಏನಮ್ಮ, ಚಿನ್ನ ಅರೆದು ಹಾಕಿದಾರಾ ಇದರಲ್ಲಿ?" ಎಂದು ಕೇಳದವರಿಲ್ಲ. ಮೊದಮೊದಲು ನಗುತ್ತಿದ್ದೆ. ಈಚೆಗೆ, "ಹೌದು, ಕರಗಿಸಿ ಬಳೆ ಮಾಡಿಸ್ಕೊಳ್ಳಿ" ಅನ್ನುತ್ತೇನೆ.

ಅದರಲ್ಲೂ ಆ ಹಳದಿ ಮಾತ್ರೆ. ರಕ್ತದೊತ್ತಡ ಏರದಂತೆ ಹಿಡಿದು ಹೃದಯ ಕಾಯುವುದು ಅದರ ಕೆಲಸ. ದಿನಕ್ಕೊಂದು, ಜೀವ ಇರುವವರೆಗೂ. ಆದರೆ ಅದರ ಬೆಲೆ ಕೇಳಿದರೇ ಒತ್ತಡ ಏರಬೇಕು, ಹಾಗಿತ್ತು. ನಮ್ಮ ಮಾವನವರಿಗೂ ಅದೇ ಮಾತ್ರೆ. ನನ್ನ ಅಂಗಡಿಯೇ ಆದರೂ ಕಂಪನಿಯವರು ನನಗೇನು ಸೊಸೆಯೆಂದು ಬಿಟ್ಟುಕೊಡುತ್ತಾರೆಯೇ? ಆ ಮಾತ್ರೆಯ ಪೆಟ್ಟಿಗೆ ಬಂದ ದಿನ ನನ್ನ ಮುಖ ಇಷ್ಟುದ್ದವಾಗುತ್ತಿತ್ತು.

ಮಾವ ದರ್ಜಿಯಾಗಿದ್ದವರು. ಕಣ್ಣು ಮಂಜಾದ ಮೇಲೆ ಹೊಲಿಗೆ ಬಿಟ್ಟರು, ಬಟ್ಟೆ ಕತ್ತರಿಸುವ ಮೇಜನ್ನು ಮಾತ್ರ ಬಿಡಲಿಲ್ಲ. ಅಂಗಡಿಯ ಮೇಲಿನ ನಮ್ಮ ಮನೆಯಲ್ಲಿ, ಕಿಟಕಿಯ ಪಕ್ಕ ಅದನ್ನು ಹಾಕಿಸಿಕೊಂಡು, ಅದರ ಮೇಲೆ ದರ್ಜಿಯ ಸೀಮೆಸುಣ್ಣದಿಂದಲೇ ಚದುರಂಗದ ಮನೆಗಳನ್ನು ಗೀಚಿದ್ದರು. ಕಳೆದುಹೋದ ಒಂದು ಕಾಲಾಳಿನ ಜಾಗದಲ್ಲಿ ಕೋಟಿನ ಗುಂಡಿ ನಿಂತಿತ್ತು.

ದಿನ ಬಿಟ್ಟು ದಿನ ಸಂಜೆ ಆಟಕ್ಕೆ ಬರುತ್ತಿದ್ದವರು ಹಾರ್ನ್ ಅಜ್ಜ. ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಬಸ್ಸು ಬಿಟ್ಟರೂ ಹಾರ್ನು ಗಂಟಲಲ್ಲೇ ಉಳಿದಿತ್ತು. ತುಟಿಯ ಮೇಲೆ ಪೊರಕೆಯಂಥ ಮೀಸೆ. ಮೆಟ್ಟಿಲಿನ ನಡುವೆ ನಿಂತು ಏದುಸಿರು ಬಿಟ್ಟು, ಮೀಸೆ ತಿರುವಿ ಮತ್ತೆ ಹತ್ತುತ್ತಿದ್ದರು. ಇಳಿಯುವಾಗ ಮಾತ್ರ ಇಡೀ ಬೀದಿಗೆ ಕೇಳಿಸುವ ಹಾಗೆ, "ಇವತ್ತೂ ನಿಮ್ಮ ಮಾವಂಗೆ ಮಣ್ಣು ಮುಕ್ಕಿಸಿದೆ ಮಗಳೇ" ಎಂದು ಸಾರುತ್ತಿದ್ದರು. ನಾಲ್ಕು ವರ್ಷ ಹೀಗೇ. ಪಾಪ ನಮ್ಮ ಮಾವ, ಒಂದು ದಿನವೂ ಗೆಲ್ಲಲಿಲ್ಲ.

ಈ ಅಜ್ಜನಿಗೂ ಅದೇ ಡಾಕ್ಟರು, ಅದೇ ಹಳದಿ ಮಾತ್ರೆ. ಆದರೆ ಒಂದು ದಿನವೂ ನನ್ನ ಅಂಗಡಿಯಲ್ಲಿ ಕೊಂಡವರಲ್ಲ. ನನಗೆ ಒಳಗೊಳಗೇ ಉರಿ. ನಮ್ಮ ಮನೆಯ ಕುರ್ಚಿ ಸವೆಸುವುದಕ್ಕೆ ಆಗುತ್ತದೆ, ವ್ಯಾಪಾರ ಮಾತ್ರ ಬೇರೆ ಕಡೆಯೋ ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಸರ್ಕಾರ ಆ ಮಾತ್ರೆಯನ್ನು ಬೆಲೆ ನಿಯಂತ್ರಣಕ್ಕೆ ಸೇರಿಸಿತು. ಇದಕ್ಕಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳಕೂಡದು ಎಂದು ಆಜ್ಞೆಯಾಯಿತು. ಕಂಪನಿಯವರು ಮುಳುಗಿಹೋದೆವು ಎಂದು ಬಾಯಿ ಬಡಿದುಕೊಂಡರು. ಅವರೇನೂ ಮುಳುಗಲಿಲ್ಲ. ಅದೇ ಡಬ್ಬಿ, ಅದೇ ಹಳದಿ ಮಾತ್ರೆ, ಹಳೆಯ ಬೆಲೆಯ ಮೇಲೊಂದು ಹೊಸ ಚೀಟಿ ಅಂಟಿಸಿ ಕಳಿಸಿದರು. ಉಗುರಿನಿಂದ ಚೀಟಿ ಕೆರೆದು ನೋಡಿದೆ: ಹೊಸದು ಹಳೆಯದರ ಕಾಲುಭಾಗವೂ ಇಲ್ಲ. ನನ್ನ ಲಾಭವೂ ಅಷ್ಟೇ ಇಳಿಯಿತು. ಇಳಿಯಲಿ ಬಿಡಿ. ಅವತ್ತು ಇಡೀ ದಿನ ಒಬ್ಬರೂ ನನ್ನನ್ನು ಬೈಯಲಿಲ್ಲ. ಆ ಸುಖಕ್ಕೆ ಬೆಲೆ ಕಟ್ಟುವವರು ಯಾರು?

ಸಂಜೆ ಹಾರ್ನ್ ಅಜ್ಜ ಬಂದು, ಮೊದಲ ಬಾರಿಗೆ ಕೌಂಟರಿನ ಮುಂದೆ ನಿಂತು, "ನನಗೂ ಆ ಮಾತ್ರೆ ಒಂದು ಹಾಳೆ ಕೊಡು ಮಗಳೇ" ಎಂದು ಠೀವಿಯಿಂದ ಕೇಳಿ, ದುಡ್ಡು ಕೊಟ್ಟು ತೆಗೆದುಕೊಂಡರು.

ಅಲ್ಲಿಂದ ಎಲ್ಲ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅಜ್ಜ ಬರುವುದೇ ನಿಂತುಹೋಯಿತು. ಮಾವ ಕಿಟಕಿಯ ಪಕ್ಕ ಒಬ್ಬರೇ ಕೂತು, ಅಳಿಸದ ಗೆರೆಗಳ ಮೇಲೆ ಮತ್ತೆ ಮತ್ತೆ ಸೀಮೆಸುಣ್ಣ ಎಳೆಯತೊಡಗಿದರು. ಊಟ ಸೇರದು, ಮಾತು ಬೇಡ. ಏನಾಯಿತೆಂದು ಕೇಳಿದರೆ, "ಈ ಅಗ್ಗದ ಮಾತ್ರೆಗೆ ದಮ್ಮಿಲ್ಲ ಕಣಮ್ಮ" ಎಂದರು.

ಮಾತ್ರೆಯಲ್ಲೇ ಏನಾದರೂ ಕಲಬೆರಕೆಯಾಗಿದ್ದರೆ? ಅಂಗಡಿಯನ್ನು ನನ್ನವರಿಗೆ ಒಪ್ಪಿಸಿ, ಮಾವನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಡಾಕ್ಟರು ಪಟ್ಟಿ ಬಿಗಿದು ಗಾಳಿ ತುಂಬಿದರು, ನೋಡಿದರು, ಬಿಚ್ಚಿ ಇನ್ನೊಂದು ತೋಳಿಗೆ ಬಿಗಿದರು.

"ನಾಲ್ಕು ವರ್ಷದಿಂದ ಬಡ್ಕೋತಿದೀನಿ, ಇಳೀತಾನೇ ಇರಲಿಲ್ಲ. ಈಗ ಸರಿಯಾಗಿದೆ. ಏನು ಬದಲಾಯಿಸಿದ್ರಿ?"

"ಏನೂ ಇಲ್ಲ ಡಾಕ್ಟ್ರೇ" ಎಂದೆ. ಮಾವನ ಕಡೆ ತಿರುಗಿದೆ. ಅವರು ಗೋಡೆಯ ಮೇಲಿನ ಹೃದಯದ ಚಿತ್ರವನ್ನು ಪರೀಕ್ಷೆಗೆ ಓದುವವರ ಹಾಗೆ ನೋಡುತ್ತಿದ್ದರು.

ದಿನಾ ಔಷಧಿ ಮಾರುವವಳು ನಾನು. ನನ್ನ ಕಿವಿಗೆ ಹೂವಿಡುವುದು ಅಷ್ಟು ಸುಲಭವಲ್ಲ. ಮನೆಗೆ ಬಂದವಳೇ ಬಾಗಿಲು ಹಾಕಿ, "ಮಾವ, ಇಷ್ಟು ದಿನ ಮಾತ್ರೆ ತಗೋತಾ ಇದ್ರೋ ಇಲ್ವೋ?" ಎಂದು ಕೇಳಿಯೇಬಿಟ್ಟೆ.

"ತಗೋತಿದ್ದೆ. ದಿನ ಬಿಟ್ಟು ದಿನ."

"ಮಿಕ್ಕಿದ್ದು?"

ಅವರು ಮೇಜಿನ ಮೇಲಿನ ರಾಜನನ್ನು ಎತ್ತಿ, ಒರೆಸಿ, ಇಟ್ಟರು. "ಅವನು ಗೆದ್ಕೊಂಡು ಹೋಗ್ತಿದ್ದ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಹಾರ್ನ್ ಅಜ್ಜನಿಗೆ ಮಾತ್ರೆ ಕೊಳ್ಳುವ ಶಕ್ತಿಯಿರಲಿಲ್ಲ. ಸುಮ್ಮನೆ ಕೊಟ್ಟರೆ ಮುಖಕ್ಕೆ ಎಸೆದು ಹೋಗುವ ಮನುಷ್ಯ. ಅದಕ್ಕೆ ಮಾವ ಪಂದ್ಯ ಹೂಡಿದ್ದರು. "ನನ್ನ ಹತ್ರ ಇರೋ ಬೆಲೆಬಾಳೋ ವಸ್ತು ಅಂದ್ರೆ ಈ ಮಾತ್ರೆ, ನಿನ್ನ ಹತ್ರ ಇರೋದು ಆ ಮೀಸೆ. ಸೋತವರು ಕೊಡಬೇಕು." ನಾಲ್ಕು ವರ್ಷ ಮೀಸೆಗೆ ಕತ್ತರಿ ತಾಗಲಿಲ್ಲ. ಒಂದು ಹೃದಯದ ಔಷಧಿಯಲ್ಲಿ ಇಬ್ಬರು ಸಂಸಾರ ನಡೆಸಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಇವರ ಒತ್ತಡ ಇಳಿಯಲಿ ಎಂದು ನಾಲ್ಕು ವರ್ಷ ಇಡೀ ಮನೆಗೆ ಸಪ್ಪೆ ಅಡುಗೆ ಬಡಿಸಿದ್ದೆ. ನನ್ನವರಂತೂ ಉಪ್ಪಿನ ರುಚಿಯನ್ನೇ ಮರೆತಿದ್ದರು.

"ಕೆಳಗೆ ಅಂಗಡಿ ಇಟ್ಕೊಂಡು ಕೂತಿದೀನಲ್ಲ ಮಾವ. ಕೇಳಿದ್ರೆ ಕೊಡ್ತಿರಲಿಲ್ವಾ?"

"ನೀನು ಕೊಡ್ತಿದ್ದೆ ಕಣಮ್ಮ, ಅದಕ್ಕೇ ಕೇಳಲಿಲ್ಲ. ಪೆಟ್ಟಿಗೆ ಬಂದ ದಿನ ನಿನ್ನ ಮುಖ ನೋಡಿದೀನಲ್ಲ."

ನನಗೆ ಅಳು ಬಂತು. ಸಿಟ್ಟಿನಲ್ಲಿದ್ದಾಗ ಅಳು ಬಂದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. "ಹಾಗಾದ್ರೆ ಈಗ್ಯಾಕೆ ಬರ್ತಿಲ್ಲ ಅವರು?" ಎಂದು ಗದರಿದೆ.

ಮಾವ ತಲೆ ತಗ್ಗಿಸಿದರು. "ಗೆದ್ದುಬಿಟ್ಟೆ."

ಬೆಲೆ ಇಳಿದು ಗೆಳೆಯ ಸ್ವಂತದ ಮಾತ್ರೆ ಕೊಂಡ ಮೇಲೆ ಇನ್ನು ಸೋಲುವ ಅಗತ್ಯವಿಲ್ಲವಲ್ಲ; ನಾಲ್ಕು ವರ್ಷ ಕಟ್ಟಿಹಾಕಿದ್ದ ಕೈ ಬಿಚ್ಚಿಕೊಂಡಿತು. ಹತ್ತೇ ನಡೆಯಲ್ಲಿ ಅಜ್ಜನ ರಾಜನನ್ನು ಮೂಲೆಗೆ ಒತ್ತಿದರು. ಇನ್ನೊಂದು ಆಟ ಎಂದದ್ದಕ್ಕೆ ಅದನ್ನೂ ಗೆದ್ದರು. ಗೆಲುವಿನ ಅಮಲಿನಲ್ಲಿ ಎದುರಿಗಿದ್ದವನ ಮುಖ ನೋಡುವುದೇ ಮರೆತುಹೋಯಿತು. ಹತ್ತು ನಡೆಯಲ್ಲಿ ಗೆಲ್ಲಬಲ್ಲವನು ನಾಲ್ಕು ವರ್ಷ ಯಾಕೆ ಸೋತ ಎಂದು ತಿಳಿಯಲಾರದಷ್ಟು ದಡ್ಡರಲ್ಲ ಹಾರ್ನ್ ಅಜ್ಜ. ಕಾಯಿಗಳನ್ನು ಹಾಗೇ ಬಿಟ್ಟು ಎದ್ದು ಹೋದರಂತೆ.

ಮಾತ್ರೆಯ ಹಾಳೆ ಮುಗಿದರೆ ನನ್ನ ಹತ್ತಿರ ಬರಲೇಬೇಕು ಎಂದು ಕಾದೆ. ಬಂದರು. ಬಂದವರನ್ನು ನೋಡಿ ಮೊದಲು ಗುರುತೇ ಹತ್ತಲಿಲ್ಲ. ಮೀಸೆ ಇಲ್ಲ. ಸುಣ್ಣ ಬಳಿದ ಗೋಡೆಯಲ್ಲಿ ಚಿತ್ರಪಟ ತೆಗೆದ ಜಾಗದ ಹಾಗೆ ಮೇಲ್ತುಟಿ ಬೆಳ್ಳಗಿತ್ತು. ನಗು ಉಕ್ಕಿ ಬಂತು. ಅವರ ಕಣ್ಣು ನೋಡಿ ನುಂಗಿಕೊಂಡೆ.

"ಸೋತ್ಮೇಲೆ ಕೊಡಬೇಕಲ್ಲ" ಎಂದರು. ಹಾರ್ನು ಕೆಟ್ಟ ಬಸ್ಸಿನಂತಾಗಿತ್ತು ದನಿ. "ಹಾಳೆ ಕೊಡು. ದುಡ್ಡು ಕೊಟ್ಟೇ ತಗೋತೀನಿ. ಭಿಕ್ಷೆ ಸಾಕು."

"ಯಾರಜ್ಜ ಭಿಕ್ಷೆ ಹಾಕಿದ್ದು?"

"ನಿಮ್ಮ ಮಾವ. ಅಂಗಡಿ ತುಂಬ ಮಾತ್ರೆ ಇದೆ, ಒಂದು ಇವನ ಕಡೆ ಎಸೆದ್ರೆ ಏನು ಹೋಯ್ತು ಅಂದ್ಕೊಂಡ. ನಾನೋ, ಗೆದ್ದೆ ಗೆದ್ದೆ ಅಂತ ಬೀದಿಯೆಲ್ಲ ಕೂಗ್ಕೊಂಡು ಬಂದೆ."

"ಅಂಗಡೀದಲ್ಲ ಅಜ್ಜ" ಎಂದೆ. "ಅವರ ಬಾಯಿದು. ನೀವು ಗೆದ್ದ ದಿನ ಅವರು ಮಾತ್ರೆ ನುಂಗ್ತಿರಲಿಲ್ಲ. ನನಗೂ ಮೊನ್ನೆ ಮೊನ್ನೆ ಗೊತ್ತಾಯ್ತು."

ಅಜ್ಜ ಇಲ್ಲದ ಮೀಸೆಯ ಮೇಲೆ ಬೆರಳಾಡಿಸುತ್ತ ನಿಂತರು. ಕೆಮ್ಮಿನ ಔಷಧಿಗೆ ಬಂದ ಹೆಂಗಸೊಬ್ಬಳು ಬದಿಯಿಂದ ಚೀಟಿ ಚಾಚಿದರೂ ಸರಿಯಲಿಲ್ಲ. ಕೊನೆಗೆ, "ಕಳ್ಳ ನನ್ಮಗ" ಎಂದರು. ಹಾರ್ನು ಸ್ವಲ್ಪ ಹತ್ತಿಕೊಂಡಿತ್ತು. ಹಾಳೆ ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ನಡುವೆ ಎಲ್ಲೂ ನಿಲ್ಲಲಿಲ್ಲ. ಅದನ್ನು ನಾನು ನೋಡಿದೆ, ಅವರೇ ಗಮನಿಸಲಿಲ್ಲ.

ಹತ್ತು ನಿಮಿಷಕ್ಕೆ ಮೇಲಿನಿಂದ ಜಗಳ ಕೇಳಿಸಿತು. ಕೌಂಟರಿಗೆ ನನ್ನವರನ್ನು ನಿಲ್ಲಿಸಿ ಓಡಿದೆ.

"ಸರಿಯಾಗಿ ಆಡೋ. ಮಂತ್ರೀನ ಯಾರಾದ್ರೂ ಕುದುರೆ ಬಾಯಿಗೆ ಇಡ್ತಾರಾ?" ಮಾವ ಕೂಗುತ್ತಿದ್ದರು.

"ಇಟ್ಟಿದೀನಿ, ತಗೋ. ಈ ಸಲ ನಾನು ಸೋಲೋದು."

"ತಗೊಳಲ್ಲ. ಇಗೋ ನನ್ನ ಆನೆ, ನೀನು ಹೊಡಿ."

ಇಬ್ಬರು ಮುದುಕರು ಸೋಲುವುದಕ್ಕೆ ಪೈಪೋಟಿ ಹೂಡಿದ್ದರು. ಮೇಜಿನ ಅಂಚಿನಲ್ಲಿ, ಅಜ್ಜ ಪಣವಾಗಿ ಇಟ್ಟಿದ್ದ ಹಳದಿ ಮಾತ್ರೆ.

"ಇವತ್ತಿಂದು ಇಬ್ಬರೂ ತಗೊಂಡಿದೀರಾ?" ಎಂದು ಕೇಳಿದೆ.

"ತಗೊಂಡಿದೀವಿ" ಎಂದು ಇಬ್ಬರೂ ಒಟ್ಟಿಗೆ ಅಂದರು.

"ಹಾಗಾದ್ರೆ ಯಾರೇ ಗೆಲ್ಲಲಿ, ಇದನ್ನ ಇಬ್ಬರಲ್ಲಿ ಯಾರೂ ನುಂಗೋ ಹಾಗಿಲ್ಲ."

ಇಬ್ಬರೂ ಮಾತ್ರೆಯನ್ನು ನೋಡಿದರು. "ಮತ್ತೆ ಇದನ್ನ ಏನ್ಮಾಡೋದು?" ಎಂದು ಮಾವ ಕೇಳಿದರು. ಮಿಕ್ಕ ಮಾತ್ರೆಯ ಪ್ರಶ್ನೆ ನಮ್ಮ ಮನೆಯಲ್ಲಿ ಹಿಂದೆಂದೂ ಎದ್ದಿರಲಿಲ್ಲ.

ಹಾರ್ನ್ ಅಜ್ಜ ಕೋಟಿನ ಗುಂಡಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಆ ಕಾಲಾಳಿನ ಮನೆಯಲ್ಲಿ ಮಾತ್ರೆಯನ್ನು ಕೂರಿಸಿದರು. "ಆಡು. ಮತ್ತೆ ಗೆಲ್ಲೋಕೆ ಈ ಮೀಸೆ ಬೆಳೆಯೋವರೆಗೂ ಟೈಮಿದೆ ನಿನಗೆ" ಎಂದರು. ಆಟ ಮತ್ತೆ ಶುರುವಾಯಿತು. ಆನೆ ಹೋಯಿತು, ಕುದುರೆ ಹೋಯಿತು, ಮಂತ್ರಿಯೂ ಹೋದ. ಆ ಹಳದಿ ಕಾಲಾಳನ್ನು ಮಾತ್ರ ಇಬ್ಬರೂ ಹೊಡೆಯಲಿಲ್ಲ.