ಅತ್ತೆ ಹೇಳಿ ಬರೆಸಿದ್ದು

ಶರಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದ ಸೊಸೆ ಭಾನುವಾರ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ಹನ್ನೊಂದು ಸಾಲು ಬರೆದಳು. ಬಟ್ಟೆ ತರಲು ಸ್ಟೋರಿಗೆ ಕಳಿಸಿ, ಬೆನ್ನಿಗೇ ಬಂದು ಮೈಮುಟ್ಟುವ ಸೂಪರ್‌ವೈಸರನ ವಿಷಯ ಅದು. ಮಧ್ಯಾಹ್ನದ ಹೊತ್ತಿಗೆ, "ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?" ಎಂಬಂಥ ಮಾತುಗಳೇ ಅದರ ಕೆಳಗೆ ತುಂಬಿದ್ದವು.

ಪಕ್ಕದ ಮನೆಯವಳಿಂದ ಸುದ್ದಿ ತಿಳಿದ ಅತ್ತೆ ಒಳಗೆ ಬಂದು, "ಏನು ಬರೆದಿದ್ದೀಯ, ಓದು" ಎಂದಳು. ಅವಳೂ ಅದೇ ಕಾರ್ಖಾನೆಯಲ್ಲಿ ಎಂಟು ವರ್ಷ ಗುಂಡಿ ಹೊಲಿದವಳು.

ಸೊಸೆ ಓದಿ ಮುಗಿಸಿ, "ನಾನಂತೂ ಅಳಿಸಲ್ಲ ಅತ್ತೆ" ಎಂದಳು.

"ಅಳಿಸು ಅಂದೋರ್ಯಾರು? ನಂಗೆ ಅದ್ರಲ್ಲಿ ಬರೆಯೋಕೆ ಬರಲ್ಲ. ನಾನು ಹೇಳ್ತೀನಿ, ನೀನು ಹಾಕು. ನಾನು ಕೆಲಸ ಬಿಟ್ಟಿದ್ದು ಮಂಡಿನೋವಿಗಲ್ಲ, ಅವನ ಕಾಟಕ್ಕೆ. ನನ್ನ ಹೆಸರೂ ಹಾಕು."

ಸೊಸೆ ಒಂದಕ್ಷರ ಬಿಡದೆ ಬರೆದಳು. ಸಂಜೆಯೊಳಗೆ, ಹಿಂದೆ ಅತ್ತೆಯ ಸಾಲಿನಲ್ಲಿ ಕೂತು ಹೊಲಿದಿದ್ದ ಆರು ಜನ ತಮ್ಮ ತಮ್ಮ ಹೆಸರು ಹಾಕಿ ಬರೆದರು. ಮರುದಿನ ಈಗಿನ ಕೆಲಸದವರೂ ಸೇರಿ ಇಪ್ಪತ್ಮೂರಾದರು. ಅವರೆಲ್ಲ ಒಟ್ಟಾಗಿ ಗೇಟಿನ ಮುಂದೆ ನಿಂತ ಮೇಲೆ ಮ್ಯಾನೇಜರು ವಿಚಾರಣೆಗೆ ಒಪ್ಪಿದ. ಅತ್ತೆ ವಿಚಾರಣಾ ಸಮಿತಿಯ ಎದುರು ಮುಕ್ಕಾಲು ಗಂಟೆ ಮಾತಾಡಿದಳು. ತಿಂಗಳೊಳಗೆ ಸೂಪರ್‌ವೈಸರನ ಕೆಲಸ ಹೋಯಿತು. ಸ್ಟೋರಿನ ಉಸ್ತುವಾರಿಗೆ ಹೆಂಗಸೊಬ್ಬಳು ಬಂದಳು.

"ಆಗಲೇ ಯಾಕಮ್ಮ ಹೇಳಲಿಲ್ಲ?" ಎಂದು ಮಗ ಕೇಳಿದ.

ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದಳು. "ಯಾರಿಗೆ ಹೇಳ್ಬೇಕಿತ್ತಪ್ಪ?" ಎಂದಳು.