ಶ್ರುತಿ ಏರಿಸಿದ ಗಿಟಾರ್

ಇದು ಗಿಟಾರಿನ ಒಳಹೊರಗು ಬಲ್ಲವರು ಹೇಳಬೇಕಾದ ಕತೆ. ಅಂಥವರು ಯಾರೂ ಹೇಳಲಿಲ್ಲವಾಗಿ, ಅರ್ಧಂಬರ್ಧ ತಿಳಿದವರು ಹೇಳಬೇಕಾಗಿ ಬಂದಿದೆ. ಇನ್ನೊಬ್ಬರ ಬೆರಳಿನ ನೋವನ್ನು ಎತ್ತಿಕೊಂಡು ಕತೆ ಮಾಡುವುದು ಸರಿಯೋ ತಪ್ಪೋ ಎಂಬ ಅಳುಕೂ ಇದೆ. ತಪ್ಪಾದಲ್ಲಿ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಗಂಗಾವತಿಯ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಪಂಪಾಪತಿಯದು ಹಾರ್ಮೋನಿಯಂ ಮತ್ತು ಕೀಬೋರ್ಡ್. ಹಗಲು ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಸಂಜೆಯಾದರೆ ತಂಡದ ಯಜಮಾನ. ಯಾವ ವಾದ್ಯದ ಶ್ರುತಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಅವನ ಕಿವಿಯೇ ಕೊನೆಯ ಮಾತು. ಗಿಟಾರ್ ನುಡಿಸುತ್ತಿದ್ದವನು ಯಂಕೇಶ. ಗಿಣಿಗೇರಾದ ಹುಡುಗ, ಅಲ್ಲಿಯೇ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಗಿಟಾರ್ ತಂಡದ್ದು, ಆದರೆ ಇರುತ್ತಿದ್ದುದು ಅವನ ಹತ್ತಿರವೇ. ಅದರ ತಂತಿ, ಬಿಗಿ, ಸಡಿಲಗಳನ್ನು ಮಾತ್ರ ಪಂಪಾಪತಿ ನೋಡಿಕೊಳ್ಳುತ್ತಿದ್ದ. ಯಂಕೇಶ ಅದಕ್ಕೆ ಕೈ ಹಾಕಿದವನೇ ಅಲ್ಲ. "ಶ್ರುತಿ ಪಂಪಣ್ಣಂದು, ಬೆರಳು ನಂದು" ಎನ್ನುತ್ತಿದ್ದ.

ಯಂಕೇಶ ಯಾರ ಬಳಿಯೂ ಕಲಿತವನಲ್ಲ. ಪ್ರತಿ ಹಾಡಿಗೂ ಬೆರಳು ಎಲ್ಲೆಲ್ಲಿ ಕೂಡಬೇಕು ಎಂದು ಕೈಗೆ ರೂಢಿ ಮಾಡಿಕೊಂಡಿದ್ದ. ಹಾಡುವವರ ದನಿ ಮೇಲೆ ಕೆಳಗೆ ಆದರೆ ಅವನು ಬೆರಳಿನ ಜಾಗ ಬದಲಿಸುತ್ತಿರಲಿಲ್ಲ. ಪಂಪಾಪತಿಯೇ ಗಿಟಾರನ್ನು ಇಳಿಸಿಯೋ ಏರಿಸಿಯೋ ಕೊಡುತ್ತಿದ್ದ. ತಂಡ ಕಟ್ಟಿದಾಗಿನಿಂದ ನಡೆದುಬಂದ ಪದ್ಧತಿ ಅದು. ಹಾಡುತ್ತಿದ್ದ ಲಲಿತಾಳ ದನಿ ತಗ್ಗಿನದು. ಅವಳಿಗಾಗಿ ಗಿಟಾರನ್ನು ಎರಡು ಸ್ವರ ಇಳಿಸಿದಾಗ ತಂತಿಗಳು ಸಡಿಲಾಗಿ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ಬಡಿದು ಜರ್ ಜರ್ ಎನ್ನತೊಡಗಿದವು. ಪಂಪಾಪತಿ ಸಣ್ಣ ತಂತಿ ತೆಗೆದು ದಪ್ಪ ತಂತಿ ಹಾಕಿದ. ಇಳಿಸಿದ ಶ್ರುತಿಯಲ್ಲಿ ದಪ್ಪ ತಂತಿ ಹದವಾಗಿ ಕೂತಿತು. ಯಂಕೇಶನ ಕೈಗೂ ಹೊಂದಿತು. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ.

ಆಮೇಲೆ ಎರಡು ಸಂಗತಿಗಳು ಒಟ್ಟೊಟ್ಟಿಗೆ ಆದವು. ಕಾರ್ಖಾನೆಯಲ್ಲಿ ತಗಡಿನ ಅಂಚು ತಾಗಿ ಯಂಕೇಶನ ಎಡಗೈ ಉಂಗುರ ಬೆರಳು ಸೀಳಿತು, ಹೊಲಿಗೆ ಬಿತ್ತು. ಅವನು ಮನೆ ಹಿಡಿದಿದ್ದಾಗಲೇ ಲಲಿತಾಳಿಗೆ ಕುಷ್ಟಗಿ ಕಡೆ ಅಂಗನವಾಡಿ ಕೆಲಸ ಸಿಕ್ಕು ಅವಳು ತಂಡ ಬಿಟ್ಟಳು. ಅವಳ ಜಾಗಕ್ಕೆ ಮರಳಿ ಎಂಬ ಊರಿನ ರಂಜಿತಾ ಬಂದಳು. ಅವಳದು ಎತ್ತರದ ದನಿ. ಪಂಪಾಪತಿ ಗಿಟಾರ್ ತರಿಸಿಕೊಂಡು ಅದರ ಕಿವಿಗಳನ್ನು, ಅಂದರೆ ತಂತಿ ಬಿಗಿಯುವ ತಿರುಪುಗಳನ್ನು, ತಿರುವಿ ಎರಡು ಸ್ವರ ಏರಿಸಿದ. ತಂತಿ ಬದಲಿಸಬೇಕೆಂಬುದು ಹೊಳೆಯಲೇ ಇಲ್ಲ. ಇಳಿಸುವಾಗ ತಂತಿ ತಾನೇ ಜರ್ ಎಂದು ದೂರು ಹೇಳಿತ್ತು. ಏರಿಸುವಾಗ ಏನೂ ಹೇಳಲಿಲ್ಲ. ಬೆರಳೊತ್ತದೆ ಬಿಟ್ಟ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದ. ಹಾರ್ಮೋನಿಯಂಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಆ ದಪ್ಪ ತಂತಿಗಳ ಎಳೆತಕ್ಕೆ ಗಿಟಾರಿನ ಕತ್ತು ನಿಧಾನವಾಗಿ ಮುಂದಕ್ಕೆ ಬಾಗಿದ್ದನ್ನೂ, ತಂತಿಗಳು ಪಟ್ಟಿಯಿಂದ ಮೇಲೆದ್ದು ನಿಂತಿದ್ದನ್ನೂ ಅವನು ಕಣ್ಣಿಟ್ಟು ನೋಡಲಿಲ್ಲ.

ಯಂಕೇಶ ಗಾಯ ಮಾದ ಬೆರಳಿನೊಂದಿಗೆ ಮರಳಿ ಬಂದ. ಮೊದಲ ಹಾಡಿನಲ್ಲೇ ಮುಖ ಹಿಂಡಿದ.

"ಯಾಕೋ ತಮ್ಮಾ?"

"ಒತ್ತಾಕ ಆಗವಲ್ದು ಪಂಪಣ್ಣ. ಬೆರಳಾಗ ಶಕ್ತಿನ ಇಲ್ಲ."

ಎತ್ತರದಲ್ಲಿ ನಿಂತ ತಂತಿಯನ್ನು ಪಟ್ಟಿಗೆ ಒತ್ತುವಷ್ಟರಲ್ಲಿ ಅದು ಹಿಗ್ಗಿ, ಸ್ವರ ಇರಬೇಕಾದ್ದಕ್ಕಿಂತ ಏರುತ್ತಿತ್ತು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಬೇಕಾದ ಕಡೆ ಅದು ಜಗ್ಗುತ್ತಲೇ ಇರಲಿಲ್ಲ. ಪಂಪಾಪತಿಯ ಕಿವಿ ಅಪಸ್ವರವನ್ನು ಹಿಡಿಯಿತು, ಕಾರಣವನ್ನು ಹಿಡಿಯಲಿಲ್ಲ. ಬಿಟ್ಟ ತಂತಿ ಶುದ್ಧವಾಗಿದೆ, ಒತ್ತಿದ್ದು ಕೆಡುತ್ತಿದೆ. ಅಂದಮೇಲೆ ದೋಷ ಒತ್ತುವ ಬೆರಳಿನದೇ ಎಂದು ಅವನ ಲೆಕ್ಕ.

"ಬೆರಳು ಸ್ವರದ ಮ್ಯಾಲೆ ಕೂಡವಲ್ದು ನೋಡು" ಎಂದ ಎಲ್ಲರೆದುರಿಗೆ. "ಜಡ್ಡುಗಟ್ಟೈತಿ. ಮನ್ಯಾಗ ದಿನಾ ಗಿಟಾರ ಹಿಡಕೊಂಡು ಕುಂತು ತಿಕ್ಕು. ನೋಯ್ಲಿ, ನೋಯದ ಹೊರತು ಬೆರಳು ಬರೂದಿಲ್ಲ."

ಯಂಕೇಶ ತಿಕ್ಕಿದ. ಪ್ರತಿ ವಾರ ಬಂದಾಗಲೂ ಬೆರಳು ಹೆಚ್ಚು ಕೆಂಪಾಗಿರುತ್ತಿತ್ತು. ಪಂಪಾಪತಿ ಪ್ರತಿ ವಾರವೂ "ಇನ್ನೂ ಸಾಲದು" ಎನ್ನುತ್ತಿದ್ದ. ಕಡೆಗೊಂದು ದಿನ ಯಂಕೇಶ ಗಿಟಾರ್ ತಂದು ತಾಲೀಮಿನ ಕೋಣೆಯ ಗೋಡೆಗೆ ಆನಿಸಿದ. "ಬ್ಯಾರೆ ಯಾರನರ ನೋಡ್ಕೋರಿ. ಈ ಕೈ ಮುಗೀತು" ಎಂದು ಹೇಳಿ ಹೋದ. ಕಾರ್ಖಾನೆಯಲ್ಲಿ ಯಾರೂ ಒಲ್ಲದ ಸಂಜೆ ಪಾಳಿಯನ್ನು ತಾನಾಗಿ ಕೇಳಿ ಬರೆಸಿಕೊಂಡನೆಂದು ಆಮೇಲೆ ತಿಳಿಯಿತು.

ಯಲಬುರ್ಗಾದಲ್ಲಿ ಒಂದು ಮದುವೆ ರಿಸೆಪ್ಷನ್ ಒಪ್ಪಿಕೊಂಡಾಗಿತ್ತು. ಕುಷ್ಟಗಿಯ ಬಸವಕುಮಾರ ಎಂಬವನನ್ನು ಗಿಟಾರಿಗೆ ಕರೆಸಿದರು. ಅವನು ವೇದಿಕೆಯ ಹಿಂದೆ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದು ಸಲ ಒತ್ತಿದ, ಕೈ ಝಾಡಿಸಿಕೊಂಡ.

"ಏನ್ರಿ ಇದು, ಗಿಟಾರೋ ಕರೆಂಟ್ ಕಂಬದ ತಂತಿಯೋ? ಇದನ್ನ ನುಡಸಾಕ ಬೆರಳಲ್ಲ, ಇಕ್ಕಳ ಬೇಕು!"

ಡ್ರಮ್ ಪ್ಯಾಡ್ ನುಡಿಸುವ ರಫೀ ಬಿದ್ದು ಬಿದ್ದು ನಕ್ಕ. "ನಮ್ಮ ಪಂಪಣ್ಣ ಬಟ್ಟೆ ಒಣಹಾಕಾಕ ಬಿಗದಾನ!"

ಬಸವಕುಮಾರ ಗಿಟಾರನ್ನು ಬಂದೂಕಿನಂತೆ ಎತ್ತಿ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿದ. "ಬಿಲ್ಲಾಗೇತಿ ನೋಡ್ರಿ" ಎಂದು ಪಂಪಾಪತಿಗೆ ಕೊಟ್ಟ. ಪಂಪಾಪತಿಯೂ ಹಾಗೇ ಒಂದು ಕಣ್ಣು ಮುಚ್ಚಿ ನೋಡಿದ. ಇಳಿಸಿದ್ದು, ದಪ್ಪ ತಂತಿ ಹಾಕಿದ್ದು, ಏರಿಸಿದ್ದು ಎಲ್ಲವೂ ಅಲ್ಲಿಯೇ ಒಂದರ ಹಿಂದೊಂದು ನೆನಪಾಯಿತು. ಆ ಸಂಜೆ ಬಸವಕುಮಾರ ತನ್ನ ಸ್ನೇಹಿತನ ಗಿಟಾರ್ ತರಿಸಿ ನುಡಿಸಿದ. ಪಂಪಾಪತಿ ಕೀಬೋರ್ಡಿನ ಮೇಲೆ ಯಾವ ಹಾಡಿಗೆ ಯಾವ ಮನೆ ಒತ್ತಿದನೋ ಅವನಿಗೇ ಗೊತ್ತಿಲ್ಲ.

ಮರುದಿನ ಸಣ್ಣ ತಂತಿ ತಂದು ಹಾಕಿದ. ಕತ್ತಿನ ಒಳಗಿನ ಕಬ್ಬಿಣದ ಸರಳನ್ನು ಕೀಲಿಯಿಂದ ತುಸುತುಸುವೇ ತಿರುಗಿಸಿ ಬಾಗು ತೆಗೆದ. ತಂತಿ ಕೂಡುವ ಕುದುರೆಗಳನ್ನು ಇಳಿಸಿದ. ತಾನೇ ಒತ್ತಿ ನೋಡಿದ. ಬೆಣ್ಣೆಯ ಮೇಲೆ ಬೆರಳಿಟ್ಟ ಹಾಗಿತ್ತು. ಇಷ್ಟು ಸುಲಭದ ಕೆಲಸವಾಗಿತ್ತೇ ಇದು?

ರಫೀ ಪಕ್ಕದಲ್ಲೇ ಕೂತು ನೋಡುತ್ತಿದ್ದ. "ಹಂಗ ಒಯ್ದು ಕೊಟ್ಟುಬಿಡ್ರಿ ಪಂಪಣ್ಣ. ಹೇಳಾಕ ಹೋಗಬ್ಯಾಡ್ರಿ. ಬೆರಳು ಛಲೋ ಆತು ಅಂತ ಅವನೂ ಖುಷಿ ಆಕ್ಕಾನ, ನಿಮ್ಮ ಮರ್ಯಾದಿನೂ ಉಳೀತೈತಿ."

ಮಾತು ಹಿತವಾಗಿತ್ತು. ಗಿಣಿಗೇರಾದ ಬಸ್ಸಿನಲ್ಲಿ ಗಿಟಾರನ್ನು ಎರಡು ಮಂಡಿಗಳ ನಡುವೆ ಹಿಡಿದು ಕೂತ ಪಂಪಾಪತಿ ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿಕೊಂಡ: 'ಸುಮ್ನ ಒಂದ್ಸಲ ಹಿಡದು ನೋಡು ತಮ್ಮಾ, ವಿಶ್ರಾಂತಿ ಸಿಕ್ಕೈತಲ್ಲ, ಈಗ ಬೆರಳು ಬರತೈತಿ.' ಅಷ್ಟೇ. ಸುಳ್ಳು ಅಂತಲೂ ಅನ್ನಲಾಗದು.

ಅದು ಯಂಕೇಶನ ವಾರದ ರಜೆ. ಬಾಗಿಲಲ್ಲಿ ಅವನ ತಾಯಿ ದುರುಗವ್ವ ಜೋಳ ಹಸನು ಮಾಡುತ್ತಿದ್ದಳು.

"ಅಬ್ಬಬ್ಬಾ, ಬರ್ರೀ ಸರ. ಗಿಣಿಗೇರಾದ ದಾರಿ ಮರತಿಲ್ಲನ್ರಿ ನೀವು?" ಎಂದು ಮೊರ ಸರಿಸಿದಳು. "ನೀವು ತಿಕ್ಕು ಅಂದಿದ್ದ ತಪ್ಪಾತು ನೋಡ್ರಿ. ದಿನಾ ತಿಕ್ಕಿದ. ಬೆರಳು ಬಾತು ಬದನಿಕಾಯಾಗಿತ್ತು. ನಾ ಉಪ್ಪಿನ ಶಾಖ ಕೊಡೂದು, ಅಂವ ಮತ್ತ ಹೋಗಿ ಅದನ್ನ ಹಿಡಕೊಂಡು ಕುಂದ್ರೂದು. ಸರ ಹೇಳ್ಯಾರ, ಸರ ಹೇಳ್ಯಾರ ಅಂತಿದ್ದ."

ಅವಳು ಕೊಟ್ಟ ನೀರನ್ನು ಪಂಪಾಪತಿ ಕುಡಿದು ಲೋಟ ಕೆಳಗಿಟ್ಟ.

ಯಂಕೇಶ ಒಳಗಿನಿಂದ ಬಂದವನು ಗಿಟಾರ್ ಕಂಡು ನಿಂತ. "ಬ್ಯಾಡ ಅಂದಿದ್ನೆಲ್ರಿ ಪಂಪಣ್ಣ."

"ಸುಮ್ನ ಹಿಡದು ನೋಡು."

ಹಿಡಿದ. ಒತ್ತಿದ. ಮುಖ ತಟ್ಟನೆ ಬಿಚ್ಚಿಕೊಂಡಿತು. ಹಳೆಯ ಹಾಡೊಂದರ ತುಣುಕು ನುಡಿಸಿ, ಇನ್ನೊಮ್ಮೆ ನುಡಿಸಿ, "ಯವ್ವಾ, ಬಾ ಇಲ್ಲೆ! ಬೆರಳು ಬಂತು!" ಎಂದು ಕೂಗಿದ. ದುರುಗವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದಳು. "ಹುಲಿಗೆಮ್ಮ ಕಣ್ಣು ಬಿಟ್ಲು" ಎಂದು ಕೈ ಮುಗಿದಳು.

ಪಂಪಾಪತಿ ಏನೂ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಎದ್ದು ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ತಾಯಿ ಮುಗಿದ ಕೈಯನ್ನು ಅವನು ನೋಡಿಬಿಟ್ಟಿದ್ದ.

"ಬೆರಳು ಬರಲಿಲ್ಲೋ ಯಂಕೇಶಾ," ಎಂದ. "ನಾನು ತಂತಿ ಬದ್ಲಿ ಮಾಡೀನಿ." ಮತ್ತೆ ನಿಲ್ಲಿಸಲಾಗಲಿಲ್ಲ. ಲಲಿತಾಳಿಗೆಂದು ಹಾಕಿದ ದಪ್ಪ ತಂತಿಯನ್ನೇ ರಂಜಿತಾಳ ಶ್ರುತಿಗೆ ಏರಿಸಿದ್ದು, ಕತ್ತು ಬಾಗಿದ್ದು, ತನ್ನ ಕಿವಿಯನ್ನು ನಂಬಿ ಅವನ ಬೆರಳನ್ನು ದೂರಿದ್ದು, ಎಲ್ಲವನ್ನೂ ಹೇಳಿದ. "ನಿನ್ನ ಬೆರಳು ಕೆಟ್ಟಿದ್ದಿಲ್ಲ. ಗಿಟಾರ ಕೆಟ್ಟಿತ್ತು. ಕೆಡಿಸಿದಾಂವ ನಾನು."

ಯಂಕೇಶ ಹೆಬ್ಬೆರಳಿನಿಂದ ತಂತಿಯನ್ನು ಮುಟ್ಟಿ ನೋಡಿದ. "ಹಂಗಾರ ನಾ ಅಷ್ಟು ದಿನ ತಿಕ್ಕಿದ್ದು?"



ಯಂಕೇಶ ಉಂಗುರ ಬೆರಳನ್ನು ಮೂರನೆಯ ತಂತಿಯ ಮೇಲಿಟ್ಟು ಪಕ್ಕಕ್ಕೆ ಎಳೆದ. ಸ್ವರ ಏರಿತು. ಮೇಲಿನ ಸ್ವರ ಮುಟ್ಟಲು ಇನ್ನೊಂದಿಷ್ಟು ಇರುವಾಗ ಬೆರಳು ನಡುಗಿ ನಿಂತಿತು. ಮತ್ತೆ ಎಳೆದ. ಮತ್ತೆ ಅಲ್ಲಿಯೇ ನಿಂತಿತು. ಈಗ ತಂತಿ ಸಣ್ಣದೇ ಇತ್ತು, ಕತ್ತು ನೆಟ್ಟಗೇ ಇತ್ತು.

"ಇದು ತಗಡು ಕೊಯ್ದಿದ್ದಕ್ಕೋ, ನಿಮ್ಮ ತಂತಿ ತಿಕ್ಕಿದ್ದಕ್ಕೋ?"

"ಗೊತ್ತಿಲ್ಲೋ ತಮ್ಮಾ."

"ಸರ, ಚಹಾ ಆರತೈತಿ" ಎಂದಳು ದುರುಗವ್ವ. ಅವಳ ದನಿಯಲ್ಲಿ ಮೊದಲಿನ ಚೇಷ್ಟೆ ಇರಲಿಲ್ಲ. ಪಂಪಾಪತಿ ಏಳುವಾಗ ಗಿಟಾರಿಗೆ ಕೈ ಚಾಚಿದ. ಯಂಕೇಶ ಕೊಡಲಿಲ್ಲ.

"ಇಲ್ಲೇ ಇರಲಿ" ಎಂದ, ಮುಖ ಎತ್ತದೆ. "ಇನ್ನ ಮ್ಯಾಲೆ ಇದರ ಕಿವಿ ನೀವು ಮುಟ್ಟಬ್ಯಾಡ್ರಿ."

ಅವನು ಸಂಜೆ ಪಾಳಿ ಬಿಟ್ಟು ತಂಡಕ್ಕೆ ಬರುತ್ತಾನೋ ಇಲ್ಲವೋ, ಇದನ್ನು ಹೇಳುವ ಹೊತ್ತಿಗೆ ಗೊತ್ತಾಗಿಲ್ಲ. ಕೊಪ್ಪಳದ ಡಾಕ್ಟರು ಬೆರಳನ್ನು ಬಗ್ಗಿಸಿ ನೋಡಿ, ಎರಡೂ ಕಾರಣ ಇರಬಹುದು ಅಂದರಂತೆ. ಯಾವುದು ಎಷ್ಟು ಎಂಬುದು ಅವರಿಗೂ ಗೊತ್ತಿಲ್ಲ, ಪಂಪಾಪತಿಗೂ ಗೊತ್ತಿಲ್ಲ, ಇಲ್ಲಿ ಹೇಳಿದವರಿಗೂ ಗೊತ್ತಿಲ್ಲ.